ಗಂಗಕ್ಕನ ಬುಟ್ಟಿಗೆ ಒಂದು ಹಿಡಿ

ಫೆಬ್ರವರಿ ಎರಡು, ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಬರೆಯಲು ಶುರು ಮಾಡಿದ್ದೇನೆ. ಜಾಗ, ತುಮಕೂರು ಸದಾಶಿವನಗರದ ನಮ್ಮ ಬಾಡಿಗೆ ಮನೆ. ಮಗಳು ಶಾಲೆಗೆ ಹೋಗಿದ್ದಾಳೆ. ಕುಕ್ಕರ್ ಇಳಿಸಿದ್ದೇನೆ. ಕೆಲಸದ ದಿನಗಳ ಲೆಕ್ಕ ಬರೆದಿಟ್ಟ ಹದಿಮೂರು ನೋಟ್‌ಬುಕ್ಕುಗಳನ್ನು ಮಂಚದ ಮೇಲೆ ವರ್ಷವಾರು ಜೋಡಿಸಿಕೊಂಡಿದ್ದೇನೆ.

ನನಗೀಗ ಮೂವತ್ತನಾಲ್ಕು. ನಿವೃತ್ತಿಯ ವಯಸ್ಸಲ್ಲ, ಗೊತ್ತು. ಆದರೆ ಹದಿಮೂರು ವರ್ಷ ಹೊಗೆಸೊಪ್ಪಿನ ಕಡ್ಡಿ ಬಿಡಿಸಿದ ಮೇಲೆ ಡಾಕ್ಟರು ನನ್ನ ಎದೆ, ಬೆನ್ನು ಎರಡೂ ಕಡೆ ಪರೀಕ್ಷೆ ಮಾಡಿ, “ಇನ್ಮೇಲೆ ಆ ಧೂಳಿನ ಹತ್ರ ಸುಳೀಬೇಡಿ” ಅಂದರು. ಅದಾಗಿ ಎರಡು ವರ್ಷ. ಹೋದ ವಾರ ಕುಣಿಗಲ್ಲಿನಿಂದ ನನ್ನ ನಾದಿನಿ ಫೋನ್ ಮಾಡಿ, ಅವರ ಬೀದಿಯ ಮೂವರು ಅಲ್ಲಿನ ಹೊಸ ಶೆಡ್ಡಿಗೆ ಕಡ್ಡಿ ಬಿಡಿಸಲು ಸೇರುತ್ತಿದ್ದಾರೆ, ಏನೇನು ಗೊತ್ತಿರಬೇಕು ಅಂತ ಹೇಳು ಅಂದಳು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಕೆಲಸದ ಮಾತು ಇದೆ, ಆದರೆ ಹೆಚ್ಚಿನ ಪಾಲು ಗಂಗಕ್ಕ ಅನ್ನುವವರದ್ದು. ನಮ್ಮ ಶೆಡ್ಡಿನ ಕಂಬದ ಪಕ್ಕದ ತನ್ನ ಜಾಗದಿಂದ ಯಾರೂ ತನ್ನನ್ನು ಎಬ್ಬಿಸಬಾರದು, ಏಳುವ ದಿನ ತಾನಾಗಿ ಏಳಬೇಕು ಅನ್ನುವುದೊಂದೇ ಅವರ ಆಸೆಯಾಗಿತ್ತು. ಆ ಜಾಗ ಹೋಗುವುದರಲ್ಲಿತ್ತು. ಅದಕ್ಕೆ ಕಾರಣ ನಾನು.

ನಾನು ಸೇರಿದ್ದು ತುಮಕೂರಿನ ಗುಬ್ಬಿ ಗೇಟಿನಿಂದ ಒಳಗೆ ಹೋದರೆ ಸಿಗುತ್ತಿದ್ದ ಶೆಡ್ಡಿಗೆ. ಈಗ ಅದು ಇಲ್ಲ, ಅಲ್ಲಿ ಟೈಲ್ಸ್ ಅಂಗಡಿ ಬಂದಿದೆ. ಆಗ ನಮ್ಮ ಮನೆ ಗೂಳೂರಿನಲ್ಲಿತ್ತು. ಎಂಟು ಗಂಟೆಯ ಬಸ್ಸು ಹಿಡಿದರೆ ಒಂಬತ್ತಕ್ಕೆ ಹತ್ತು ನಿಮಿಷ ಮುಂಚೆ ಶೆಡ್ಡಿನಲ್ಲಿರುತ್ತಿದ್ದೆ. ಮೊದಲ ದಿನದ ಪುಟದಲ್ಲಿ ಹೀಗಿದೆ: “ಸೀಟು ಇಪ್ಪತ್ತೆಂಟು. ಕಿಟಕಿ ನಾಲ್ಕು, ತೆರೆಯುವುದು ಎರಡು. ವಾಂತಿ ಮೂರು ಸಲ.”

ವಾಂತಿ ನನ್ನದೇ. ಹದ ಮಾಡಿದ ಎಲೆ ಒದ್ದೆಯಾಗಿರುತ್ತದೆ, ಅದರ ರಸ ಕೈಯ ಚರ್ಮದಿಂದಲೇ ಒಳಗಿಳಿಯುತ್ತದೆ. ತಲೆ ಸುತ್ತುತ್ತದೆ, ಹೊಟ್ಟೆ ತೊಳೆಸುತ್ತದೆ. ನಾನು ಖಾಲಿ ಹೊಟ್ಟೆಯಲ್ಲಿ ಹೋಗಿದ್ದೆ. ಹನ್ನೊಂದು ಗಂಟೆಗೆ ಗೋಡೆ ಹಿಡಿದು ಕೂತಾಗ ಎದುರು ಸಾಲಿನಿಂದ ಒಬ್ಬಳು ಕೂಗಿದಳು.

“ಏನಮ್ಮಾ, ಬೆಳಗ್ಗೆ ಏನ್ ತಿಂದೆ?”

“ಏನೂ ಇಲ್ಲ, ಕಾಫಿ ಅಷ್ಟೇ.”

“ಸರಿ ಹೋಯ್ತು. ಕಾಫಿ ಕುಡ್ದು ಬರಕ್ಕೆ ಇದೇನ್ ಬ್ಯಾಂಕಾ?”

ಎಲ್ಲರೂ ನಕ್ಕರು. ಅವಳು ಪುಟ್ಟಲಕ್ಷ್ಮಿ. ನನಗಿಂತ ಹತ್ತು ವರ್ಷ ದೊಡ್ಡವಳು, ಮಾತಿನಲ್ಲಿ ನೂರು ವರ್ಷ. ಕಂಬದ ಪಕ್ಕದಿಂದ ಎದ್ದು ಬಂದು ನನ್ನ ಕೈಯನ್ನು ಹುಣಸೆಹಣ್ಣಿನ ನೀರಲ್ಲಿ ತೊಳೆಸಿ, ತನ್ನ ಡಬ್ಬಿಯಿಂದ ಅರ್ಧ ಮುದ್ದೆ ಮುರಿದು ಕೊಟ್ಟವರು ಗಂಗಕ್ಕ. ಹಾಗಲವಾಡಿ ಕಡೆಯವರು, ಮದುವೆಯಾಗಿ ತುಮಕೂರಿಗೆ ಬಂದವರು, ಗಂಡ ತೀರಿಕೊಂಡ ಮೇಲೆ ಶೆಡ್ಡಿನ ಹಿಂದಿನ ಗಲ್ಲಿಯಲ್ಲೇ ಒಂದು ಕೋಣೆಯಲ್ಲಿದ್ದರು. ನಾನು ಸೇರುವಾಗಲೇ ಅವರಿಗೆ ಅರವತ್ತರ ಹತ್ತಿರ. ಮುದ್ದೆಯನ್ನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. ಹಾಲಿನ ಪ್ಯಾಕೆಟ್ಟನ್ನು ಕತ್ತರಿಸಿ ತೊಳೆದು ಕೈಗೆ ಚೀಲದಂತೆ ಹಾಕಿಕೊಂಡು ಮುರಿಯುತ್ತಿದ್ದರು. ಎಷ್ಟು ತೊಳೆದರೂ ನಮ್ಮ ಬೆರಳಿನ ಕಹಿ ಹೋಗುವುದಿಲ್ಲ, ಊಟವೆಲ್ಲ ಕಹಿಯಾಗುತ್ತದೆ. ಕುಣಿಗಲ್ಲಿನ ಹುಡುಗಿಯರು ಇದನ್ನು ಗಮನಿಸಿ: ತಿಂದು ಹೋಗಿ, ಚಮಚ ಒಯ್ಯಿರಿ, ಬೆವರೊರೆಸಲು ಬೇರೆ ಬಟ್ಟೆ ಇಟ್ಟುಕೊಳ್ಳಿ, ಕೈಯನ್ನು ಕಣ್ಣಿನ ಹತ್ತಿರ ಒಯ್ಯಬೇಡಿ. ಬಸುರಿ ಅಂತ ಗೊತ್ತಾದ ದಿನವೇ ಬಿಟ್ಟುಬಿಡಿ. ನಾನು ಹಾಗೇ ಬಿಟ್ಟು, ಮಗಳಿಗೆ ಎರಡು ವರ್ಷ ತುಂಬಿದ ಮೇಲೆ ಮತ್ತೆ ಹೋದೆ.

ಇನ್ನು ಕೆಲಸ. ಬೇಲು ಅಂದರೆ ಒತ್ತಿ ಕಟ್ಟಿದ ಎಲೆಯ ದೊಡ್ಡ ಮೂಟೆ. ಅದರಿಂದ ತೆಗೆದ ಎಲೆ ಗರಿಗರಿ ಒಣಗಿರುತ್ತದೆ, ಮುಟ್ಟಿದರೆ ಪುಡಿ. ಹಿಂದಿನ ಸಂಜೆಯೇ ನೀರು ಚಿಮುಕಿಸಿ, ಒದ್ದೆ ಗೋಣಿತಾಟು ಹೊದಿಸಿ ಇಡುತ್ತಾರೆ. ಬೆಳಿಗ್ಗೆಗೆ ಎಲೆ ಹಳೇ ಹತ್ತಿಸೀರೆಯ ಹಾಗೆ ಮೆತ್ತಗೆ ಮಡಚಿಕೊಳ್ಳಬೇಕು. ಅದೇ ಹದ. ಎಲೆಯ ತುದಿಯನ್ನು ಎಡಗೈಯಲ್ಲಿ ಹಿಡಿದು, ಉದ್ದಕ್ಕೆ ಮಡಚಿ, ನಡುವಿನ ಕಡ್ಡಿಯನ್ನು ಬಲಗೈ ಹೆಬ್ಬೆರಳಿಗೂ ತೋರುಬೆರಳಿಗೂ ಸಿಕ್ಕಿಸಿ ತುದಿಯಿಂದ ಬುಡಕ್ಕೆ ಒಂದೇ ಎಳೆತದಲ್ಲಿ ಎಳೆಯಬೇಕು. ಎಲೆ ಎರಡು ಹೋಳಾಗಿ ಬುಟ್ಟಿಗೆ, ಕಡ್ಡಿ ಪಕ್ಕದ ಚೀಲಕ್ಕೆ. ಕಡ್ಡಿಯೂ ದಂಡವಲ್ಲ, ಕಡ್ಡಿಪುಡಿಯವರು ಒಯ್ಯುತ್ತಾರೆ. ನಮ್ಮ ಕೂಲಿ ಮಾತ್ರ ಬುಟ್ಟಿಯ ಎಲೆಯ ತೂಕಕ್ಕೆ. ಹೊಸಬರನ್ನು ಬಿಟ್ಟರೆ ದಿನಕ್ಕೆ ಕನಿಷ್ಠ ಆರು ಕಿಲೋ ಆಗಲೇಬೇಕು. ಕೈ ಪಳಗಿದವರು ಒಂಬತ್ತರ ತನಕ ಹೋಗುತ್ತಿದ್ದರು. ನಾನು ಮೊದಲ ದಿನ ಒಂದು ಕಿಲೋ ಒಂಬೈನೂರು, ಮೂವತ್ತನೆಯ ದಿನ ಐದು ಕಿಲೋ ಇನ್ನೂರು, ಅರವತ್ತೆರಡನೆಯ ದಿನ ಆರು ದಾಟಿದೆ.

ಗಂಗಕ್ಕನ ಕೈಯಲ್ಲಿ ಎಲೆ ಹರಿಯುತ್ತಲೇ ಇರಲಿಲ್ಲ. ಎರಡು ಹೋಳೂ ಜೊತೆಗಿಟ್ಟರೆ ಮತ್ತೆ ಒಂದು ಎಲೆ ಅನ್ನಬೇಕು, ಅಷ್ಟು ಚೊಕ್ಕ. ಆದರೆ ಅವರ ಬಲಗೈ ಹೆಬ್ಬೆರಳಿನ ಗಂಟು ಊದಿ ಗಟ್ಟಿಯಾಗಿತ್ತು, ಮಡಚುತ್ತಿರಲಿಲ್ಲ. ಮೂವತ್ತು ವರ್ಷ ಎಳೆದ ಬೆರಳು. ತೋರುಬೆರಳು, ನಡುಬೆರಳುಗಳ ನಡುವೆ ಕಡ್ಡಿ ಸಿಕ್ಕಿಸಿ ಎಳೆಯುತ್ತಿದ್ದರು. ನಿಧಾನವಾಗುತ್ತಿತ್ತು. ಅವರ ಪಕ್ಕದ ಸಾಲಿನಲ್ಲಿ ಕೂತು ನಾನು ಎಣಿಸಿದ್ದೆ: ಪುಟ್ಟಲಕ್ಷ್ಮಿ ಹತ್ತು ಎಲೆ ಮುಗಿಸುವಷ್ಟರಲ್ಲಿ ಅವರು ಐದು. ಆದರೂ ಪ್ರತಿ ಸಂಜೆ ಅವರ ತೂಕ ಆರು ಕಿಲೋ ದಾಟುತ್ತಿತ್ತು. ಹೇಗೆ ಅಂತ ನನಗೆ ಎರಡನೆಯ ವಾರ ತಿಳಿಯಿತು.

ಸಂಜೆ ಐದಕ್ಕೆ ಗಂಟೆ ಹೊಡೆದರೆ ಎಲ್ಲರೂ ಬುಟ್ಟಿ ಎತ್ತಿಕೊಂಡು ತಕ್ಕಡಿಗೆ ಸಾಲು ನಿಲ್ಲುತ್ತಿದ್ದೆವು. ತಕ್ಕಡಿಗೆ ಹೋಗುವ ದಾರಿ ಕಂಬದ ಪಕ್ಕದಲ್ಲೇ ಇತ್ತು. ನನ್ನ ಮುಂದೆ ಪುಟ್ಟಲಕ್ಷ್ಮಿ ಇದ್ದಳು. ಕಂಬದ ಹತ್ತಿರ ಬಂದಾಗ ತನ್ನ ಬುಟ್ಟಿಯಿಂದ ಒಂದು ಹಿಡಿ ಎಲೆ ತೆಗೆದು ಗಂಗಕ್ಕನ ಬುಟ್ಟಿಗೆ ಹಾಕಿದಳು. ನಿಲ್ಲಲಿಲ್ಲ, ನೋಡಲಿಲ್ಲ. ನಾನು ದಾಟಿ ಹೋಗಿಬಿಟ್ಟೆ.

ಅವಳು ಹಿಂದಕ್ಕೆ ತಿರುಗಿ ಹಲ್ಲು ಕಚ್ಚಿಕೊಂಡು ಹೇಳಿದಳು, “ಹಾಕೇ ಒಂದ್ ಹಿಡಿ.”

“ಯಾಕೆ?”

“ಹಾಕು ಅಂದ್ರೆ ಹಾಕು. ಯಾಕೆ ಅಂತೆ, ಲಾಯರ್ ಬಂದ್ಬಿಟ್ಳು.”

ಹಾಕಿದೆ. ಗಂಗಕ್ಕ ಸೆರಗು ಕೊಡವಿಕೊಳ್ಳುತ್ತಾ ಬೇರೆಲ್ಲೋ ನೋಡುತ್ತಿದ್ದರು. ಎಲ್ಲರೂ ದಾಟಿದ ಮೇಲೆ ಎದ್ದು, ಸಾಲಿನ ಕೊನೆಗೆ ನಿಂತು ತೂಗಿಸಿದರು. ಮೇಸ್ತ್ರಿ ಮರುಳಪ್ಪನವರು ತಕ್ಕಡಿಯ ಮುಂದೆ ನಮಗೆ ಬೆನ್ನು ಹಾಕಿ ಕೂರುತ್ತಿದ್ದುದರಿಂದ ಅವರಿಗೆ ಕಾಣುತ್ತಿರಲಿಲ್ಲ. ಅದರ ಬಗ್ಗೆ ಶೆಡ್ಡಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಆ ದಿನ “ಕೊಟ್ಟದ್ದು, ಒಂದು ಹಿಡಿ” ಅಂತಿದೆ. ಮಾರನೆಯ ವಾರ ಮನೆಯಲ್ಲಿ ನಮ್ಮಮ್ಮನ ಸ್ಪ್ರಿಂಗ್ ತಕ್ಕಡಿಯಲ್ಲಿ ಶೆಡ್ಡಿನಿಂದ ತಂದ ಒಂದು ಹಿಡಿ ಎಲೆ ತೂಗಿ ನೋಡಿದೆ. ನನ್ನ ಹಿಡಿ ನೂರ ಹತ್ತು ಗ್ರಾಂ. ಅವತ್ತಿನಿಂದ ಅಷ್ಟೇ ಹಾಕಿದೆ, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

ನಾಲ್ಕನೆಯ ವರ್ಷ ನಾನೊಂದು ತಪ್ಪು ಮಾಡಿದೆ, ಅದನ್ನು ಮುಚ್ಚಿಡುವುದಿಲ್ಲ. ನೀರು ಚಿಮುಕಿಸುವ ಆಳು ಒಂದು ವಾರ ಊರಿಗೆ ಹೋದ. ಮೇಸ್ತ್ರಿ ಆ ಕೆಲಸ ನನಗೆ ಹೇಳಿದರು. ಅವನು ಒಂದು ಬೇಲಿನ ಎಲೆಗೆ ಎಂಟು ಚೊಂಬು ಹಾಕುವುದನ್ನು ನಾನು ಬೇಸಿಗೆಯಲ್ಲಿ ಬರೆದಿಟ್ಟಿದ್ದೆ. ಎಂಟೇ ಹಾಕಿದೆ. ಆದರೆ ಅದು ಆಷಾಢ, ಮೂರು ದಿನದಿಂದ ಮೋಡ ಬಿಟ್ಟಿರಲಿಲ್ಲ. ಎರಡು ಬೇಲಿನ ಎಲೆಗೂ ಬೂಷ್ಟು ಬಂತು. ಗೋಣಿತಾಟು ಎತ್ತಿದಾಗ ಬಿಳಿ ಬಿಳಿ. ನಾನು ಅಳುತ್ತಾ ನೋಟ್‌ಬುಕ್ ತೋರಿಸಿದೆ, “ನೋಡಿ ಸಾರ್, ಎಂಟೇ ಹಾಕಿದ್ದು.”

ಮೇಸ್ತ್ರಿ ಬೈಯಲಿಲ್ಲ. “ಪುಸ್ತಕಕ್ಕೆ ಮಳೆ ಬಂದಿಲ್ವಲ್ಲಮ್ಮ,” ಅಂದರು.

ಗಂಗಕ್ಕ ನನ್ನನ್ನು ಬೇಲಿನ ಹತ್ತಿರ ಕರೆದುಕೊಂಡು ಹೋಗಿ ನನ್ನ ಕೈಯನ್ನು ಎಲೆಗಳ ನಡುವೆ ತೂರಿಸಿದರು. “ಚೊಂಬು ಎಣಿಸ್ಬೇಡ. ಎಲೆ ಮುಟ್ಟು. ನೀರ್ ಕುಡ್ದ ಎಲೆ ಒಳಗೊಳಗೇ ಕಾವಾಗ್ತದೆ. ಬೆಚ್ಚಗಿದ್ರೆ ಸಾಕಾಯ್ತು ಅಂತ. ತಣ್ಣಗಿದ್ರೆ ಇನ್ನೂ ಬೇಕು ಅಂತ.” ಮೂರು ದಿನ ನಾವಿಬ್ಬರೂ ಆ ಬೂಷ್ಟು ಎಲೆಗಳನ್ನು ಒಂದೊಂದಾಗಿ ಒರೆಸಿ ನೆರಳಲ್ಲಿ ಹರಡಿದೆವು. ಮುಕ್ಕಾಲು ಪಾಲು ಉಳಿಯಿತು. ನಾನು ಅದರಿಂದ ಕಲಿಯಬೇಕಾಗಿದ್ದನ್ನು ಕಲಿಯಲಿಲ್ಲ ಅನ್ನುವುದು ಮುಂದಿನ ಮಾತಿನಿಂದ ಗೊತ್ತಾಗುತ್ತದೆ.

ಆರನೆಯ ವರ್ಷದ ಬೇಸಿಗೆ. ನನಗೊಂದು ಅನುಮಾನ ಹುಟ್ಟಿತು. ಬೆಳಿಗ್ಗೆ ಬಿಡಿಸಿದ ಎಲೆ ಒದ್ದೆಯಾಗಿರುತ್ತದೆ, ತೂಗುತ್ತದೆ. ಅದೇ ಎಲೆ ತಗಡಿನ ಚಾವಣಿಯ ಕೆಳಗೆ ಸಂಜೆಯ ತನಕ ಕೂತರೆ ನೀರಾರಿ ಹಗುರಾಗುತ್ತದೆ. ನಮ್ಮ ಕೈಯ ಕೆಲಸ ಸಂಜೆ ಹೊತ್ತಿಗೆ ಗಾಳಿಗೆ ಹೋಗುತ್ತಿದೆಯಲ್ಲ! ಸ್ಪ್ರಿಂಗ್ ತಕ್ಕಡಿಯನ್ನು ಊಟದ ಚೀಲದಲ್ಲಿ ಒಯ್ದು, ಮಧ್ಯಾಹ್ನ ನನ್ನ ಬುಟ್ಟಿಯನ್ನೊಮ್ಮೆ, ಅದೇ ಎಲೆಯನ್ನು ಸಂಜೆ ಇನ್ನೊಮ್ಮೆ ತೂಗಿ ಬರೆದೆ. ನಲವತ್ತೊಂದು ದಿನ. ಮಧ್ಯಾಹ್ನ ನಾಲ್ಕೂವರೆ ಕಿಲೋ ಇದ್ದದ್ದು ಸಂಜೆ ನಾಲ್ಕು ಕಿಲೋ ಇನ್ನೂರು. ಮುನ್ನೂರು ಗ್ರಾಂ ಮಾಯ.

ಪಟ್ಟಿ ಮಾಡಿ ಮರುಳಪ್ಪನವರಿಗೆ ಕೊಟ್ಟೆ. ಒಬ್ಬೊಬ್ಬರಿಗೂ ದಿನಕ್ಕೆ ಎರಡು ತೂಕ ಆಗಬೇಕು, ಮಧ್ಯಾಹ್ನ ಒಂದು, ಸಂಜೆ ಒಂದು ಅಂತ ಬರೆದಿದ್ದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

“ನೀನು ಓದಬೇಕಿತ್ತು ಕಣಮ್ಮ. ಇಲ್ಲಿ ಬಂದು ಕೂತಿದೀಯ.”

ಮಾಲೀಕರು ಒಪ್ಪಿದರು. ಮಧ್ಯಾಹ್ನವೇ ಎಲೆ ಗೋದಾಮಿಗೆ ಹೋದರೆ ಒಣಗಿ ಪುಡಿಯಾಗುವುದು ಅವರಿಗೂ ಕಡಿಮೆ. ಮುಂದಿನ ಸೋಮವಾರದಿಂದ ಶುರುವಾಯಿತು. ಊಟದ ಗಂಟೆ ಹೊಡೆದ ತಕ್ಷಣ ಮೇಸ್ತ್ರಿ ತಕ್ಕಡಿಯನ್ನು ಗಾಡಿಯ ಮೇಲಿಟ್ಟುಕೊಂಡು ಸಾಲು ಸಾಲಾಗಿ ಬಂದರು, ಪ್ರತಿಯೊಬ್ಬರ ಜಾಗದಲ್ಲೇ ತೂಗಿದರು. ನಾನು ಜೊತೆಗೆ ನಡೆಯುತ್ತಾ ಶೆಡ್ಡಿನ ತೂಕದ ಪುಸ್ತಕದಲ್ಲಿ ಬರೆದೆ. ನಾಲ್ಕು ಎಂಟುನೂರು. ನಾಲ್ಕು ಐನೂರು. ಐದು. ಹೆಂಗಸರು ಶಿಳ್ಳೆ ಹಾಕುವುದೊಂದು ಬಾಕಿ. ಪುಟ್ಟಲಕ್ಷ್ಮಿ ನನ್ನ ಗಲ್ಲ ಹಿಂಡಿ, “ಲೆಕ್ಕದ ಶೈಲಮ್ಮಂಗೆ ಜೈ” ಅಂದಳು. ನನ್ನ ಹೆಸರು ಶೈಲಜಾ. ಆ ದಿನದಿಂದ ಎಲ್ಲರ ಬಾಯಲ್ಲೂ ಲೆಕ್ಕದ ಶೈಲ.

ಆಮೇಲೆ ಗಾಡಿ ಕಂಬದ ಹತ್ತಿರ ನಿಂತಿತು. ಗಂಗಕ್ಕನ ಬುಟ್ಟಿ. ಒಂದು ಕಿಲೋ ಏಳುನೂರು.

ನಾನು ಪೆನ್ನು ಹಿಡಿದು ನಿಂತಿದ್ದೆ. ಆ ಕ್ಷಣದ ತನಕ, ನಿಜ ಹೇಳುತ್ತೇನೆ, ಒಂದು ಸಲವೂ ನನಗೆ ಹೊಳೆದಿರಲಿಲ್ಲ. ಐದು ವರ್ಷದಿಂದ ದಿನಾ ನೂರ ಹತ್ತು ಗ್ರಾಂ ನಾನೇ ಹಾಕುತ್ತಿದ್ದೆ. ನಲವತ್ತೊಂದು ದಿನ ಲೆಕ್ಕ ಮಾಡಿದ್ದೆ. ಎಲ್ಲರೂ ಸಾಲಾಗಿ ಅವರ ಮುಂದೆ ಹಾದುಹೋಗುವುದು ಸಂಜೆ ಒಂದೇ ಸಲ ಅನ್ನುವುದು ತಲೆಗೆ ಬಂದಿರಲಿಲ್ಲ.

ಮೇಸ್ತ್ರಿ ತಕ್ಕಡಿಯನ್ನು ಸರಿಮಾಡಿ ಮತ್ತೆ ತೂಗಿದರು. ಅಷ್ಟೇ ಬಂತು.

“ಇದೇನ್ ಗಂಗಮ್ಮ, ಮೈ ಹುಷಾರಿಲ್ವಾ?”

“ಹುಷಾರಾಗೇ ಇದೀನಿ ಮೇಸ್ತ್ರಿ,” ಅಂದರು ಗಂಗಕ್ಕ. ನನ್ನ ಕಡೆ ತಿರುಗಿ, “ಬರ್ಕೋ ಮಗ,” ಅಂದರು.

ಬರೆದೆ. ಮಂಗಳವಾರ ಒಂದು ಆರುನೂರ ಐವತ್ತು. ಬುಧವಾರ ಪುಟ್ಟಲಕ್ಷ್ಮಿ ತನ್ನ ಎಲೆಯ ಒಂದು ಕಟ್ಟನ್ನು ಗಾಡಿ ಬರುವ ಮುಂಚೆ ಕಾಲಿನಿಂದ ಕಂಬದ ಕಡೆ ನೂಕಿದಳು. ಮೇಸ್ತ್ರಿ ನೋಡಿಬಿಟ್ಟರು.

“ಏನ್ ಪುಟ್ಟಲಕ್ಷ್ಮಿ, ಫುಟ್‌ಬಾಲ್ ಆಡ್ತಿದೀಯ?”

“ಕಾಲ್ ಜೋಮು ಹಿಡ್ದಿತ್ತು ಮೇಸ್ತ್ರಿ.”

“ಹೊಗೆಸೊಪ್ಪು ಒದ್ರೆ ಜೋಮು ಬಿಡ್ತದಾ?”

ಯಾರೂ ನಗಲಿಲ್ಲ. ಮರುಳಪ್ಪನವರಿಗೆ ಎಲ್ಲ ಅರ್ಥವಾಯಿತು. ಮಧ್ಯಾಹ್ನ ಒಂದೂಮುಕ್ಕಾಲು ಕಿಲೋ, ಸಂಜೆಗೆ ಅದು ಹೇಗೆ ಆರಾಗುತ್ತದೆ ಅಂತ ನಾನು ಬರೆದ ಪುಸ್ತಕವೇ ಅವರಿಗೆ ಹೇಳಿತ್ತು. ಗುರುವಾರ ಸಂಜೆ ಗಂಗಕ್ಕನನ್ನು ಬಾಗಿಲ ಹತ್ತಿರ ಕರೆದರು. ನಾನು ಪುಸ್ತಕ ಒಪ್ಪಿಸಲು ಅಲ್ಲೇ ನಿಂತಿದ್ದೆ, ಅದಕ್ಕೇ ಪ್ರತಿ ಮಾತೂ ಗೊತ್ತು.

“ಗಂಗಮ್ಮ, ನಂಗೂ ಬೇಜಾರೇ. ಆದ್ರೆ ತಿಂಗಳ ಕೊನೇಲಿ ಈ ಪುಸ್ತಕ ಮಾಲೀಕರು ನೋಡ್ತಾರೆ. ಆರು ಕಿಲೋ ಇಲ್ದೋರ್ನ ಕೂರಿಸ್ಬೇಡ ಅಂತ ಹೇಳವ್ರೆ. ಶನಿವಾರದ ತನಕ ಬನ್ನಿ.”

“ಆಮೇಲೆ?”

ಮರುಳಪ್ಪನವರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದರು.

“ಮೇಸ್ತ್ರಿ, ನನ್ ಗಂಡ ತೀರ್ಕಂಡ ಹತ್ನೇ ದಿನಕ್ಕೆ ಇಲ್ಲಿಗೆ ಬಂದೆ. ಯಾರ್ ಹೇಳಿದ್ರೂ ನಿಲ್ಲಲಿಲ್ಲ. ನಾನಾಗೇ ಬಂದೆ. ನಾನಾಗೇ ಎದ್ದು ಹೋಗ್ತೀನಿ ಅಂತಿದ್ದೆ.” ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟರು. ನನ್ನನ್ನು ದಾಟುವಾಗ ನಿಂತು, “ನಿನ್ ಬಸ್ಸು ಹೋಗ್ಬಿಡ್ತದೆ, ಬೇಗ ಹೋಗು,” ಅಂದರು.

ಶುಕ್ರವಾರ ಮಧ್ಯಾಹ್ನ ಕೈ ತೊಳೆಯುವ ನಲ್ಲಿಯ ಹತ್ತಿರ ಎಲ್ಲರೂ ಸೇರಿದರು. ಗಂಗಕ್ಕ ಒಳಗಿದ್ದರು. ಪುಟ್ಟಲಕ್ಷ್ಮಿ ಮೊದಲು ಮಾತು ತೆಗೆದಳು.

“ಮಧ್ಯಾಹ್ನದ ತೂಕ ಬ್ಯಾಡ ಅನ್ನೋಣ. ಮೊದ್ಲಿದ್ದಂಗೆ ಸಂಜೆ ಒಂದೇ ಸಾಕು.”

ನಾನು ತಡೆಯಲಾರದೆ ಹೇಳಿದೆ. “ಅಕ್ಕ, ಒಬ್ಬೊಬ್ಬರಿಗೂ ದಿನಕ್ಕೆ ಮುನ್ನೂರು ಗ್ರಾಂ. ಇಪ್ಪತ್ತೆಂಟು ಜನಕ್ಕೆ ಎಂಟು ಕಿಲೋ ನಾನೂರು. ಒಬ್ಬರಿಗೋಸ್ಕರ...”

“ಲೆಕ್ಕ ಸಾಕು ಕಣೇ,” ಅಂದಳು ಪುಟ್ಟಲಕ್ಷ್ಮಿ. ದನಿ ಏರಿರಲಿಲ್ಲ. “ನಾವೇನ್ ಎಣಿಸಕ್ಕೆ ಬರ್ದೋರಾ? ಎಂಟು ವರ್ಷದ ಹಿಂದೆ ನನ್ ಕೈ ಸುಟ್ಟಿತ್ತು. ಎರಡು ತಿಂಗ್ಳು ನನ್ ಬುಟ್ಟಿ ತುಂಬಿಸಿದ್ದು ಯಾರು? ಮುನ್ನೂರು ಗ್ರಾಂ ಅಂತೆ.”

ಇನ್ನೊಬ್ಬರು ಹೇಳಿದರು, ತನ್ನ ಮಗುವಿಗೆ ಜ್ವರ ಬಂದಾಗ ಅಂತ. ಮತ್ತೊಬ್ಬರು, ಟೈಫಾಯಿಡ್ ಆಗಿ ಎದ್ದು ಬಂದಾಗ ಅಂತ. ಇಪ್ಪತ್ತೇಳರಲ್ಲಿ ಹದಿನಾಲ್ಕು ಜನ ಒಂದಲ್ಲ ಒಂದು ಕಾಲದಲ್ಲಿ ಹಿಡಿ ತೆಗೆದುಕೊಂಡವರೇ. ನಾನು ಇಷ್ಟು ವರ್ಷ ಕೊಟ್ಟದ್ದನ್ನು ಮಾತ್ರ ಬರೆದಿದ್ದೆ. ಯಾರು ಯಾರಿಂದ ಪಡೆದರು ಅಂತ ಕೇಳಿಯೇ ಇರಲಿಲ್ಲ.

ಜಬೀನಾ ಅಂತ ನನ್ನ ವಯಸ್ಸಿನವಳೊಬ್ಬಳು ನನ್ನ ಚೀಲದಿಂದಲೇ ಪೆನ್ನು ತೆಗೆದು ಕೊಟ್ಟಳು. “ನಿನ್ ಅಕ್ಷರ ಚೆನ್ನಾಗಿದೆ. ಬರಿ.”

ಬರೆದೆ. ನನ್ನ ಪಟ್ಟಿಯನ್ನು ನಾನೇ ಹೊಡೆದುಹಾಕುವ ಅರ್ಜಿ. ನಿಜವಾದ ಕಾರಣ ಬರೆಯುವಂತಿರಲಿಲ್ಲ. “ಮಧ್ಯಾಹ್ನ ತೂಕಕ್ಕೆ ನಿಂತರೆ ಊಟಕ್ಕೆ ಹೊತ್ತಾಗುತ್ತದೆ, ಆದ್ದರಿಂದ ಮೊದಲಿನಂತೆ ಸಂಜೆ ಒಂದೇ ತೂಕ ಸಾಕು” ಅಂತ ಬರೆದೆ. ಇಪ್ಪತ್ತೇಳು ಸಹಿ, ಅದರಲ್ಲಿ ಹೆಬ್ಬೆಟ್ಟು ಒಂಬತ್ತು. ಹೊಗೆಸೊಪ್ಪಿನ ಕಂದು ಬಣ್ಣದಲ್ಲೇ ಒತ್ತಿದರು, ಶಾಯಿ ಬೇಕಾಗಲಿಲ್ಲ.

ಮರುಳಪ್ಪನವರು ಅರ್ಜಿ ಓದಿದರು.

“ಊಟಕ್ಕೆ ಹೊತ್ತಾಗತ್ತಾ?”

“ಹೌದು ಸಾರ್.”

“ನಿನ್ ಲೆಕ್ಕದ ಪುಸ್ತಕದಲ್ಲಿ ಎಷ್ಟು ನಿಮಿಷ ಅಂತ ಇದೆ?”

“ಅದನ್ನ ಬರೆದಿಲ್ಲ ಸಾರ್.”

ಬರೆದಿದ್ದೆ. ಹನ್ನೊಂದು ನಿಮಿಷ. ಅವರೂ ಕೆಲಸಕ್ಕಿದ್ದವರೇ, ಮಾಲೀಕರಿಗೆ ಉತ್ತರ ಹೇಳಬೇಕಾದವರು. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಆ ವಾರದ ಮಧ್ಯಾಹ್ನದ ಪುಟಗಳನ್ನು ತೂಕದ ಪುಸ್ತಕದಿಂದ ಹರಿದುಕೊಂಡರು. “ಶನಿವಾರದ ಮಾತು ನಾನು ಆಡೇ ಇಲ್ಲ ಅನ್ಕೊಳಿ ಅಂತ ಗಂಗಮ್ಮಂಗೆ ಹೇಳು. ನನ್ ಬಾಯಲ್ಲಿ ಬರಲ್ಲ.”

ಶನಿವಾರ ಸಂಜೆ ಗಂಟೆ ಹೊಡೆಯಿತು. ಬುಟ್ಟಿ ಎತ್ತಿಕೊಂಡು ಕಂಬ ದಾಟಿದೆವು. ಗಂಗಕ್ಕನ ಬುಟ್ಟಿ ಆರು ಕಿಲೋ ಮುನ್ನೂರು.

ಆ ಮೇಲಿನ ಸೋಮವಾರ ನಾನು ಬಸ್ಸು ಬಿಟ್ಟು ಗಂಗಕ್ಕನ ಕೋಣೆಗೆ ಹೋದೆ. ಕ್ಷಮೆ ಕೇಳಬೇಕು ಅಂತ ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. ಅವರು ಬಾಗಿಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು.

“ನಂಗೆ ಗೊತ್ತಾಗ್ಲಿಲ್ಲ ಗಂಗಕ್ಕ. ನಿಮ್ಮನ್ನ ಮರೆತೇಬಿಟ್ಟೆ.”

“ಗೊತ್ತು ಬುಡು. ನೀನ್ ಎಲ್ಲಾರ್ಗೂ ಒಳ್ಳೇದಾಗ್ಲಿ ಅಂತ ಮಾಡ್ದೆ. ಕೂತ್ಕೋ, ಕಡಲೆಕಾಯಿ ಸುಲಿ.”

ಸುಲಿದೆ. ಸುಲಿಯುತ್ತಲೇ ಕೇಳಿದೆ, ನಾವು ಹಿಡಿ ಹಾಕುವಾಗ ನೀವು ಬೇರೆ ಕಡೆ ನೋಡುತ್ತೀರಲ್ಲ, ನಿಮಗೆ ನಾಚಿಕೆ ಆಗುತ್ತಿತ್ತಾ ಅಂತ. ಕೇಳಬಾರದಿತ್ತೇನೋ.

ಗಂಗಕ್ಕ ನಕ್ಕರು. “ನಾಚಿಕೆ ಏನ್ ಬಂತು. ನೋಡಿದ್ರೆ ಹಾಕೋರ್ಗೆ ಮುಜುಗರ. ನೋಡ್ದೇ ಇದ್ರೂ ಯಾರ್ದು ಯಾವ್ ಹಿಡಿ ಅಂತ ನಂಗೊತ್ತು. ಪುಟ್ಟಲಕ್ಷ್ಮೀದು ದೊಡ್ದು, ಆದ್ರೆ ಅರ್ಧ ಪುಡಿ. ಜಬೀನಂದು ಬೆಳಗ್ಗೆ ಜಗಳ ಆಡ್ಕಂಡ್ ಬಂದಿದ್ರೆ ಚಿಕ್ದು, ಇಲ್ದಿದ್ರೆ ಬುಟ್ಟೀನೇ ಬಗ್ಗಿಸ್ತಾಳೆ. ನಿಂದಿದೆಯಲ್ಲ, ದಿನಾ ಒಂದೇ ಸಮ. ತೂಕ ಮಾಡ್ಕಂಡ್ ತತ್ತೀಯೇನೇ?”

ನನ್ನ ಮುಖ ಕೆಂಪಾಗಿರಬೇಕು. ಅವರಿಗೆ ಇನ್ನೂ ನಗು ಬಂತು.

“ನಾನೂ ಹಾಕಿದೀನಿ ಕಣೇ. ನಾನ್ ಬಂದಾಗ ಆ ಕಂಬದ ಹತ್ರ ಹುಚ್ಚಮ್ಮ ಅಂತ ಕೂರ್ತಿತ್ತು, ಗುಬ್ಬಿಯೋಳು. ಕಣ್ಣು ಮಂಜು. ಏಳ್ ವರ್ಷ ಅವಳ ಬುಟ್ಟಿಗೆ ಹಾಕ್ದೆ. ಅವಳು ಯಾರಿಗೆ ಹಾಕಿದ್ಲೋ.”

ಅದರ ಮಾರನೆಯ ದಿನದಿಂದ ನಾನು ಹಿಡಿಯ ಲೆಕ್ಕ ಬರೆಯುವುದನ್ನು ನಿಲ್ಲಿಸಿದೆ. ನನ್ನ ಹದಿಮೂರು ಪುಸ್ತಕಗಳಲ್ಲಿ ಇದೊಂದು ಕಾಲಮು ಮಾತ್ರ ಅರ್ಧಕ್ಕೆ ನಿಂತಿದೆ.

ಗಂಗಕ್ಕ ಇನ್ನೂ ಹದಿನಾಲ್ಕು ತಿಂಗಳು ಕಂಬದ ಪಕ್ಕದಲ್ಲಿ ಕೂತರು. ಹೊಸದಾಗಿ ಬಂದ ಆರು ಜನಕ್ಕೆ ಕಡ್ಡಿ ಎಳೆಯುವುದನ್ನು ಕಲಿಸಿದರು. ಆ ಎಡಗೈಯ ಹಿಡಿತವನ್ನು ಬಾಯಲ್ಲಿ ಹೇಳಲು ಬರುವುದಿಲ್ಲ, ಅವರು ನಮ್ಮ ಕೈಯ ಮೇಲೆ ಕೈಯಿಟ್ಟು ತೋರಿಸುತ್ತಿದ್ದರು. ಚಳಿಗಾಲ ಬಂದಾಗ ನಡುಬೆರಳೂ ಊದಲು ಶುರುವಾಯಿತು. ಆಗಾಗ ಎಲೆ ಕೆಳಗಿಟ್ಟು ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದರು. ನಮ್ಮ ಹಿಡಿಗಳು ದೊಡ್ಡದಾದವು. ನನ್ನದೂ.

ಒಂದು ಶನಿವಾರ ಸಂಜೆ ಗಂಟೆ ಹೊಡೆಯುತ್ತಲೇ, ನಾವಿನ್ನೂ ಮಂಡಿ ಮೇಲಿನ ಪುಡಿ ಕೊಡವಿಕೊಳ್ಳುತ್ತಿದ್ದೆವು, ಗಂಗಕ್ಕ ಎದ್ದು ನಿಂತರು. ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನೆಟ್ಟಗೆ ತಕ್ಕಡಿಗೆ ನಡೆದರು. ಸಾಲಿನ ಮೊದಲಲ್ಲಿ ನಿಂತರು. ಪುಟ್ಟಲಕ್ಷ್ಮಿ ಹಿಂದಿನಿಂದ ಓಡಿದಳು, ಕೈಯಲ್ಲಿ ಎಲೆ.

“ಅಕ್ಕಾ, ಅಕ್ಕಾ, ಏನಿದು, ತಡೀರಿ!”

“ನೀನ್ ತಡಿಯೇ ಪುಟ್ಟಿ,” ಅಂದರು ಗಂಗಕ್ಕ. ಬುಟ್ಟಿಯನ್ನು ತಕ್ಕಡಿಯ ಮೇಲಿಟ್ಟರು. “ತೂಗಿ ಮೇಸ್ತ್ರಿ.”

ಮರುಳಪ್ಪನವರು ತೂಗಿದರು. ಎರಡು ಕಿಲೋ ಒಂಬೈನೂರು. ಗಂಗಕ್ಕನೇ ಮುಳ್ಳನ್ನು ನೋಡಿ ಓದಿ, ನನಗೆ ಹೇಳಿದರು.

“ಎರಡು ಒಂಬೈನೂರು. ಇದು ನಂದು. ಬರಿ.”

ಬರೆದೆ. ಅವರು ಕಂಬದ ಹತ್ತಿರ ವಾಪಸ್ಸು ಹೋಗಿ, ತಾವು ಕೂರುತ್ತಿದ್ದ ಗೋಣಿತಾಟನ್ನು ಕೊಡವಿ ಮಡಚಿ ಕಂಕುಳಲ್ಲಿಟ್ಟುಕೊಂಡರು. “ಸೋಮವಾರದಿಂದ ಬರಲ್ಲ ಕಣ್ರವ್ವ. ಗುಬ್ಬೀಲಿ ತಂಗಿ ಮನೆಗ್ ಹೋಗ್ತೀನಿ. ನೀವು ಮಧ್ಯಾಹ್ನದ ತೂಕ ಹಾಕ್ಸಿ ಇನ್ನ.” ಯಾರೂ ಅಳಬಾರದು ಅಂತ ಬೇಗ ಬೇಗ ಹೇಳಿದರು ಅನಿಸುತ್ತದೆ. ಮರುಳಪ್ಪನವರು ಎದ್ದು ನಿಂತು ಬಾಗಿಲ ತನಕ ಬಂದರು. ಕೆಲಸದವರೊಬ್ಬರಿಗೆ ಅವರು ಹಾಗೆ ಎದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸೋಮವಾರ ಯಾರೋ ಮಧ್ಯಾಹ್ನದ ತೂಕದ ಮಾತೆತ್ತಿದರು. ಎಲ್ಲರೂ ನನ್ನ ಮುಖ ನೋಡಿದರು. ನಾನೇ ಹೇಳಿದೆ, “ಜಬೀನಾ ಮಣಿಕಟ್ಟು ಊದಿದೆ. ಈಗ ಬೇಡ.” ಆ ‘ಈಗ ಬೇಡ’ ಶೆಡ್ಡು ಮುಚ್ಚುವ ತನಕ ನಡೆಯಿತು. ಪ್ರತಿ ಸಲವೂ ಯಾರದಾದರೂ ಕೈಯೋ ಕಾಲೋ ಮಗುವೋ ಇದ್ದೇ ಇರುತ್ತಿತ್ತು.

ಕೊನೆಯ ಎರಡು ವರ್ಷ ನಾನು ಕೆಲಸ ಮಾಡಿದ್ದು ಕುಣಿಗಲ್ಲಿನ ಹಳೇ ಶೆಡ್ಡಿನಲ್ಲಿ. ಅಲ್ಲಿ ಎಲೆ ಸೀಳುವ ಮಷೀನು ಬಂದಿತ್ತು, ಒಳ್ಳೆಯ ಎಲೆ ಮಾತ್ರ ಕೈಗೆ. ಒಬ್ಬೊಬ್ಬರಿಗೂ ನಂಬರಿನ ಟ್ರೇ, ಮುಚ್ಚಳ ಇರುವಂಥದ್ದು. ತುಂಬಿದ ತಕ್ಷಣ ಬೆಲ್ಟಿನ ಮೇಲೆ ಹೋಗುತ್ತಿತ್ತು, ತೂಕ ಪರದೆಯ ಮೇಲೆ ಬರುತ್ತಿತ್ತು. ಎಲೆಯ ನೀರು ಆರುವ ಮೊದಲೇ ತೂಕ, ನಾನು ಕೇಳಿದ್ದಕ್ಕಿಂತ ಚೆನ್ನಾಗಿತ್ತು. ಆದರೆ ಯಾರ ಟ್ರೇಯೂ ಯಾರ ಮುಂದೆಯೂ ಹಾದುಹೋಗುತ್ತಿರಲಿಲ್ಲ. ಪಕ್ಕದಲ್ಲಿ ಕೂತವಳ ಬೆರಳು ನೋಯುತ್ತಿದೆ ಅಂತ ಗೊತ್ತಾದರೂ ಮಾಡುವುದೇನು ಅಂತ ಎರಡು ವರ್ಷ ನನಗೆ ತೋಚಲಿಲ್ಲ. ಹೊಸ ಶೆಡ್ಡಿನಲ್ಲೂ ಇಂಥದ್ದೇ ಮಷೀನಂತೆ. ಅಲ್ಲಿಗೆ ಸೇರುವ ಮೂವರಿಗೆ ನನ್ನ ಕೋರಿಕೆ ಇದೊಂದೇ, ನೀವು ಯೋಚನೆ ಮಾಡಿ. ನಿಮ್ಮ ಮಷೀನಿಗೆ ತಕ್ಕ ಹಾಗೆ ಏನಾದರೂ ದಾರಿ ಇರಲೇಬೇಕು.

ಗಂಗಕ್ಕ ಹೋದ ವರ್ಷ ಗುಬ್ಬಿಯಲ್ಲಿ ತೀರಿಕೊಂಡರು. ನಾನೂ ಪುಟ್ಟಲಕ್ಷ್ಮಿಯೂ ಮಣ್ಣಿಗೆ ಹೋಗಿದ್ದೆವು. ಎಲ್ಲರೂ ಒಬ್ಬೊಬ್ಬರಾಗಿ ಒಂದು ಹಿಡಿ ಮಣ್ಣು ಹಾಕುವಾಗ ಪುಟ್ಟಲಕ್ಷ್ಮಿ ತನ್ನ ಎರಡೂ ಕೈ ತುಂಬಾ ಹಾಕಿದಳು. ನಾನೂ ಅಳೆಯಲಿಲ್ಲ.

ಈಗ ಮಧ್ಯಾಹ್ನ ಒಂದು ಗಂಟೆ ಐವತ್ತು ನಿಮಿಷ. ಇದನ್ನು ಓದಿದವರಲ್ಲಿ ಕೇಳುವುದೊಂದಿದೆ. ಗುಬ್ಬಿ ಗೇಟಿನ ಆ ಶೆಡ್ಡಿನ ಕಂಬದ ಪಕ್ಕದಲ್ಲಿ ಗಂಗಕ್ಕನಿಗಿಂತ ಮುಂಚೆ ಹುಚ್ಚಮ್ಮ ಕೂರುತ್ತಿದ್ದರು ಅನ್ನುವ ತನಕ ನನಗೆ ಗೊತ್ತು. ಹುಚ್ಚಮ್ಮ ಯಾರ ಬುಟ್ಟಿಗೆ ಹಾಕಿದ್ದರು, ಅವರ ಹೆಸರೇನು, ಯಾವ ಊರಿನವರು ಅನ್ನುವುದು ಗೊತ್ತಿಲ್ಲ. ನಿಮ್ಮ ಅಮ್ಮನೋ ಅಜ್ಜಿಯೋ ಅಲ್ಲಿ ಕೂತಿದ್ದರೆ, ಅಥವಾ ಬೇರೆ ಯಾವ ಊರಿನ ಶೆಡ್ಡಿನಲ್ಲಾದರೂ ಹೀಗೆ ನೋಡದ ಹಾಗೆ ಒಂದು ಹಿಡಿ ಹಾಕುತ್ತಿದ್ದುದನ್ನು ಹೇಳಿದ್ದರೆ, ದಯವಿಟ್ಟು ಬರೆದು ತಿಳಿಸಿ. ತೂಕ ಬೇಡ, ಹೆಸರು ಸಾಕು.